ಹಾಲಿಗೆ ಫ್ಯಾಟ್ ನೋಡಿ ಬೆಲೆ, ಜಮೀನಿಗೆ ಏನು ನೋಡಿ ಬೆಲೆ?

ಜಮೀನು ಕೇಳಿಕೊಂಡು ನೇರವಾಗಿ ಮನೆ ಬಾಗಿಲಿಗೆ ಬರುವವರ ವಿಷಯದಲ್ಲಿ ಹಾಲು ಉತ್ಪಾದಕ ಮಹಿಳೆಯರು ತಿಳಿದಿರಬೇಕಾದ ಸಂಗತಿಗಳು



ಸಂಜೆ ಹಾಲು ಕರೆದು, ಡೈರಿಗೆ ಹಾಕಿ, ಖಾಲಿ ಕ್ಯಾನು ಹಿಡಿದು ಮನೆಗೆ ಬರುವ ಹೊತ್ತು. ಮಾಲೇಕಲ್ಲು ತಿರುಪತಿ ಬೆಟ್ಟದ ಕಡೆಯ ರಸ್ತೆಯಲ್ಲಿ ಒಂದು ಕಾರು ನಿಲ್ಲುತ್ತದೆ. ಇಳಿದವರು ನಗುಮುಖದಿಂದ ಕೇಳುತ್ತಾರೆ:

"ಅಕ್ಕಾ, ಈ ತೆಂಗಿನ ತೋಟದ ಪಕ್ಕದ ಹೊಲ ನಿಮ್ದೇನಾ?"

"ಹೂಂ, ನಮ್ದೇ. ಯಾಕಣ್ಣ?"

"ಕೊಡೋ ಯೋಚನೆ ಇದ್ರೆ ಹೇಳಿ. ದಲ್ಲಾಳಿ ಯಾರೂ ಬೇಡ, ನಾವೇ ನೇರವಾಗಿ ತಗೋತೀವಿ. ಒಪ್ಪಿದ್ರೆ ನಾಳೆನೇ ಅಡ್ವಾನ್ಸ್."

ಅರಸೀಕೆರೆ ಕಸಬಾ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ಕಡೆಯ ಯಾವ ಹಳ್ಳಿಯಲ್ಲಿ ಈ ಮಾತು ಕೇಳಿಲ್ಲ ಹೇಳಿ? ಕೆಲವರಿಗೆ ಫೋನ್ ಬರುತ್ತದೆ. ಕೆಲವರಿಗೆ ಊರಿನವರ ಮೂಲಕ ಮಾತು ಬರುತ್ತದೆ. ಕೇಳುವುದು ತಪ್ಪಲ್ಲ, ಮಾರುವುದೂ ತಪ್ಪಲ್ಲ. ಮಗಳ ಮದುವೆ, ಆಸ್ಪತ್ರೆ ಖರ್ಚು, ಮಕ್ಕಳ ಓದು, ಹಳೆಯ ಸಾಲ ಎಂದು ಜಮೀನು ಮಾರಬೇಕಾದ ಕಾಲ ಯಾರ ಮನೆಗೂ ಬರಬಹುದು. ಆದರೆ ಲೀಟರ್ ಹಾಲಿಗೆ ಫ್ಯಾಟ್, ಡಿಗ್ರಿ ನೋಡದೆ ಬೆಲೆ ಒಪ್ಪದ ನಾವು, ಎಕರೆ ಜಮೀನಿಗೆ ಒಬ್ಬರು ಹೇಳಿದ ಬೆಲೆಯನ್ನು ಒಂದೇ ಸಂಜೆಯಲ್ಲಿ ಒಪ್ಪಿಬಿಡುವುದುಂಟು. ಈ ಲೇಖನ ಅದರ ಬಗ್ಗೆ.

ಈ ವ್ಯಾಪಾರ ನಡೆಯುವುದು ಹೇಗೆ?

ಬಾಗಿಲಿಗೆ ಬರುವ ಎಲ್ಲರೂ ಜಮೀನು ಬೇಕಾಗಿಯೇ ಬಂದವರಲ್ಲ. ಒಂದು ಬಗೆಯ ವ್ಯಾಪಾರಿಗಳಿದ್ದಾರೆ. ಅವರು ಮಾಲೀಕರನ್ನು ನೇರವಾಗಿ ಹುಡುಕಿ, ಕಡಿಮೆ ಬೆಲೆಗೆ ಮಾತು ಮುಗಿಸಿ, ಸಣ್ಣ ಮುಂಗಡ ಕೊಟ್ಟು ಅಗ್ರಿಮೆಂಟ್ ಬರೆಸಿಕೊಳ್ಳುತ್ತಾರೆ. ಜಮೀನನ್ನು ತಾವು ಕೊಳ್ಳುವುದಿಲ್ಲ. ಅಗ್ರಿಮೆಂಟಿನ ಅವಧಿಯೊಳಗೆ ಹೆಚ್ಚು ಬೆಲೆ ಕೊಡುವ ಇನ್ನೊಬ್ಬರನ್ನು ಹುಡುಕಿ, ಅವರ ಹೆಸರಿಗೆ ನಿಮ್ಮಿಂದ ನೇರವಾಗಿ ಕ್ರಯ ಮಾಡಿಸುತ್ತಾರೆ. ನಡುವಿನ ವ್ಯತ್ಯಾಸ ಅವರದು. ಅವರ ಹೆಸರಿಗೆ ಕ್ರಯಪತ್ರವೇ ಆಗದ್ದರಿಂದ ಮುದ್ರಾಂಕ ಶುಲ್ಕದ ಹೊರೆಯೂ ಇಲ್ಲ. ಅಮೆರಿಕದಂಥ ದೇಶಗಳಲ್ಲಿ ಇದಕ್ಕೆ ಹೋಲ್‌ಸೇಲ್ ರಿಯಲ್ ಎಸ್ಟೇಟ್ ಎಂದೇ ಹೆಸರಿದೆ. ನಮ್ಮಲ್ಲಿ ಹೆಸರಿಲ್ಲದೆಯೇ ನಡೆಯುತ್ತಿದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. ನಿಮ್ಮದು 1 ಎಕರೆ 10 ಗುಂಟೆ, ಅಂದರೆ 50 ಗುಂಟೆ ಎಂದುಕೊಳ್ಳಿ. ಬಂದವರು ಗುಂಟೆಗೆ ₹50,000ರಂತೆ ₹25 ಲಕ್ಷಕ್ಕೆ ಒಪ್ಪಿಸಿ, ₹1 ಲಕ್ಷ ಮುಂಗಡ ಕೊಟ್ಟು, ಆರು ತಿಂಗಳ ಅಗ್ರಿಮೆಂಟ್ ಮಾಡಿಕೊಂಡರು. ನಾಲ್ಕನೇ ತಿಂಗಳಲ್ಲಿ ಬೇರೊಬ್ಬರಿಗೆ ಗುಂಟೆಗೆ ₹80,000ರಂತೆ ₹40 ಲಕ್ಷಕ್ಕೆ ಮಾತಾಡಿದರು. ಒಂದು ಲಕ್ಷ ಹೂಡಿದವರಿಗೆ ಉಳಿದದ್ದು ₹15 ಲಕ್ಷ.

ಈ ಹದಿನೈದು ಲಕ್ಷ ಎಷ್ಟು ಹಾಲು? ಲೀಟರಿಗೆ ₹35 ಎಂದು ಹಿಡಿದರೆ 42,857 ಲೀಟರ್. ದಿನಕ್ಕೆ 15 ಲೀಟರ್ ಡೈರಿಗೆ ಹಾಕುವ ಮನೆಗೆ ಅದು ಏಳೂವರೆ ವರ್ಷಕ್ಕೂ ಮೀರಿದ ಹಾಲು. ಬೆಳಗಿನ ಜಾವ ಎದ್ದು, ಮಳೆಗಾಲದ ಕೆಸರು ತುಳಿದು, ಹಬ್ಬದ ದಿನವೂ ಕೊಟ್ಟಿಗೆ ಬಿಡದೆ ದುಡಿದ ಏಳೂವರೆ ವರ್ಷ, ಒಂದು ಸಹಿಯಲ್ಲಿ ಬೇರೆಯವರ ಕೈ ಸೇರುತ್ತದೆ.

ಹಾಗೆಂದು ಇದು ಕಳ್ಳತನವಲ್ಲ. ಮಾಲೀಕರನ್ನು ಹುಡುಕಿ ಬೆಲೆ ಮಾತಾಡುವುದು ಕಾನೂನಿನ ಪ್ರಕಾರ ಅಪರಾಧವಲ್ಲ. ಅವರಿಗೆ ಮಾರುಕಟ್ಟೆ ಗೊತ್ತಿದೆ, ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾವು ತೆರುವ ದಂಡವೇ ಆ ಹದಿನೈದು ಲಕ್ಷ.

ನಿಮ್ಮ ಮನೆಯನ್ನೇ ಹುಡುಕಿಕೊಂಡು ಬಂದದ್ದು ಹೇಗೆ?

ನಮ್ಮ ರಾಜ್ಯದ ಪಹಣಿಗಳೆಲ್ಲ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಸೇರಿವೆ. ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಪಹಣಿ ನೋಡಬಹುದು. ಸರ್ವೆ ನಂಬರ್ ಗೊತ್ತಿಲ್ಲದವರೂ ಹೊಲದ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಂಬರ್ ಬರುತ್ತದೆ. ಪಹಣಿಯ 9ನೇ ಕಲಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಬೆಳೆಯ ವಿವರ ಇರುತ್ತದೆ.

ಓದಲು ಬಲ್ಲವರಿಗೆ ಅದರಲ್ಲಿ ಮನೆಯ ಕಥೆಯೇ ಕಾಣುತ್ತದೆ. ತೀರಿಕೊಂಡ ಮಾವನವರ ಹೆಸರೇ ಇನ್ನೂ ಇದೆ ಎಂದರೆ ಪೌತಿ ಖಾತೆ ಆಗಿಲ್ಲ. ನಾಲ್ಕು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ ಎಂದರೆ ಪೋಡಿ ಆಗಿಲ್ಲ, ಒಬ್ಬರಿಗಾದರೂ ಮಾರುವ ಮನಸ್ಸಿರಬಹುದು. ಬ್ಯಾಂಕಿನ ಸಾಲ ನಮೂದಾಗಿದೆ ಎಂದರೆ ಹಣದ ಅಗತ್ಯ ಇರಬಹುದು. ಬೆಳೆ ಕಾಲಂ ವರ್ಷಗಳಿಂದ ಖಾಲಿ ಇದೆ ಎಂದರೆ ಮಕ್ಕಳು ಬೆಂಗಳೂರು ಸೇರಿರಬೇಕು. ಇಂಥ ಮನೆಗಳನ್ನೇ ಪಟ್ಟಿ ಮಾಡಿಕೊಂಡು ಅವರು ಬರುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಒಬ್ಬಳೇ ಇರುವ ಮನೆಯೂ ಆ ಪಟ್ಟಿಯಲ್ಲಿರುತ್ತದೆ.

ಆದ್ದರಿಂದ ಮೊದಲ ಕೆಲಸ ನಿಮ್ಮ ಪಹಣಿಯನ್ನು ನೀವೇ ಓದುವುದು. ನಾಡಕಚೇರಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಪ್ರತಿ ತೆಗೆಸಿ. ಹೆಸರು, ವಿಸ್ತೀರ್ಣ, ಖರಾಬು, ಸಾಲದ ನಮೂದು ನೋಡಿ. ಪೌತಿ ಖಾತೆ ಬಾಕಿ ಇದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು ಅರ್ಜಿ ಕೊಡಿ. ತೀರಿಸಿದ ಸಾಲ ಇನ್ನೂ ಪಹಣಿಯಲ್ಲಿದ್ದರೆ ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು ತೆಗೆಸಿ. ಕಾಗದ ಸರಿಯಿಲ್ಲದ ಜಮೀನಿಗೆ "ತೊಡಕಿದೆ, ನಾವೇ ಸರಿ ಮಾಡಿಸ್ಕೋತೀವಿ" ಎಂದು ಬೆಲೆ ಇಳಿಸುವುದು ಈ ವ್ಯಾಪಾರದ ಹಳೆಯ ದಾರಿ. ಸರ್ಕಾರಿ ಕಚೇರಿಗೆ ನಾಲ್ಕು ಸಲ ಓಡಾಡಿದರೆ ಸರಿಹೋಗುವ ತೊಡಕಿಗೆ ಲಕ್ಷಗಟ್ಟಲೆ ಬೆಲೆ ಬಿಟ್ಟುಕೊಡಬೇಡಿ.

ಈಗಲೇ ಯಾಕೆ ಇಷ್ಟು ಕೇಳುತ್ತಿದ್ದಾರೆ?

ಮೂರ್ನಾಲ್ಕು ಕಾರಣಗಳಿವೆ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದವು. ಅದಕ್ಕೆ ಮುಂಚೆ ಕೃಷಿಕರಲ್ಲದವರು, ಹೆಚ್ಚಿನ ಬೇರೆ ಆದಾಯ ಇರುವವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಈಗ ಕೊಳ್ಳಬಹುದು. ಹೀಗಾಗಿ ಕೊಳ್ಳುವವರ ಸಂಖ್ಯೆ ಬೆಳೆದಿದೆ. ಇದು ನಿಮ್ಮ ಕೈಯನ್ನೂ ಬಲಪಡಿಸುತ್ತದೆ, ಏಕೆಂದರೆ ಬಾಗಿಲಿಗೆ ಬಂದ ಮೊದಲನೆಯವರೇ ಕೊನೆಯವರಲ್ಲ.

ಅರಸೀಕೆರೆ ರೈಲ್ವೆ ಜಂಕ್ಷನ್. ತುಮಕೂರು, ತಿಪಟೂರು ಕಡೆಯಿಂದ ಹೆದ್ದಾರಿ ಬರುತ್ತದೆ. ಪಟ್ಟಣದ ಅಂಚಿನ ಹೊಲಗಳು ಬಡಾವಣೆಯಾಗುತ್ತಿವೆ. ಎತ್ತಿನಹೊಳೆ ಯೋಜನೆಯ ನಾಲೆ ಬೇಲೂರು, ಅರಸೀಕೆರೆ ತಾಲ್ಲೂಕುಗಳಲ್ಲಿ ಹಾದುಹೋಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹೋಂಸ್ಟೇ, ಹೋಟೆಲ್ ಮಾಡುವವರ ಕಣ್ಣು ಆ ಕಡೆಗೂ ಬಿದ್ದಿದೆ.

ಇಲ್ಲಿ ಎರಡು ಮಾತು ನೆನಪಿಡಿ. ಒಂದು, ನಿಮ್ಮ ಹತ್ತಿರ ಯಾವುದಾದರೂ ಸರ್ಕಾರಿ ಯೋಜನೆ ಬರುತ್ತಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸದೆ ಮಾರಬೇಡಿ. ಭೂಸ್ವಾಧೀನವಾದರೆ 2013ರ ಕಾಯ್ದೆಯಡಿ ಮಾರುಕಟ್ಟೆ ಬೆಲೆ ಆಧರಿಸಿದ ಪರಿಹಾರಕ್ಕೆ ಅಷ್ಟೇ ಮೊತ್ತದ ಸಾಂತ್ವನ ಧನವೂ ಸೇರುತ್ತದೆ. ಅದು ಆ ದಿನ ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗೆ. ಎರಡು, ಬೇಲೂರು, ಹಳೇಬೀಡಿನಂಥ ಕಡೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಅಲ್ಲಿ ಸೈಟು ಕೊಳ್ಳಲು ಕೂಡಿಟ್ಟ ಹಾಲಿನ ಹಣ ಹಾಕುವವರು ಇದನ್ನು ಮೊದಲು ನೋಡಬೇಕು.

ಜಮೀನಿನ ಫ್ಯಾಟ್ ಪರೀಕ್ಷೆ

ಡೈರಿ ಇಲ್ಲದ ಕಾಲದಲ್ಲಿ ಹಾಲಿನವರು ಮನೆಗೇ ಬಂದು ಅವರ ಅಳತೆಯಲ್ಲಿ, ಅವರ ಬೆಲೆಗೆ ಹಾಲು ಒಯ್ಯುತ್ತಿದ್ದದ್ದನ್ನು ಹಿರಿಯರು ಹೇಳುತ್ತಾರೆ. ಸಂಘ ಬಂದ ಮೇಲೆ ಅಳತೆ ಬಂತು, ಪರೀಕ್ಷೆ ಬಂತು, ಚೀಟಿ ಬಂತು, ಹಣ ಬ್ಯಾಂಕಿಗೆ ಬಂತು. ಜಮೀನಿಗೂ ಇಂಥ ಪರೀಕ್ಷೆ ಮಾಡಿಕೊಳ್ಳಲು ದಾರಿಗಳಿವೆ.

ಮೊದಲನೆಯದು ಮಾರ್ಗಸೂಚಿ ಬೆಲೆ. ಇದು ಸರ್ಕಾರ ನೋಂದಣಿಗಾಗಿ ಊರುವಾರು ನಿಗದಿ ಮಾಡಿರುವ ಬೆಲೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲೂ, ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ. "ಸರ್ಕಾರಿ ಬೆಲೆಗಿಂತ ಜಾಸ್ತಿ ಕೊಡ್ತಿದೀವಲ್ಲಕ್ಕ" ಎಂದು ಹೇಳುವವರಿದ್ದಾರೆ. ಮಾರ್ಗಸೂಚಿ ಬೆಲೆ ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಇರುವ ಕನಿಷ್ಠ ಬೆಲೆ. ಅದು ಮಾರುಕಟ್ಟೆ ಬೆಲೆಯಲ್ಲ.

ಎರಡನೆಯದು ಅಕ್ಕಪಕ್ಕದ ಮಾರಾಟಗಳು. ಯಾವುದೇ ಸರ್ವೆ ನಂಬರಿನ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು. ಕಾವೇರಿ ಆನ್‌ಲೈನ್ ಸೇವೆಯಲ್ಲೂ ಸಿಗುತ್ತದೆ. ಪಕ್ಕದ ಎರಡು ಮೂರು ಜಮೀನುಗಳ ಇ.ಸಿ. ತೆಗೆಸಿದರೆ ಇತ್ತೀಚೆಗೆ ಯಾರು ಯಾರಿಗೆ ಎಷ್ಟಕ್ಕೆ ಮಾರಿದ್ದಾರೆ ಎಂಬುದು ಕಾಣುತ್ತದೆ. ಪತ್ರದಲ್ಲಿ ಬರೆದ ಬೆಲೆ ಕೈಗೆ ಬಂದ ಬೆಲೆಗಿಂತ ಕಡಿಮೆ ಇರುವುದುಂಟು. ಆದ್ದರಿಂದ ಮಾರಿದವರನ್ನೇ ಕೇಳುವುದು ಇನ್ನೂ ಒಳ್ಳೆಯದು.

ಮೂರನೆಯದು ಇನ್ನೊಬ್ಬ ಕೊಳ್ಳುವವರು. ಕನಿಷ್ಠ ಮೂವರಿಂದ ಬೆಲೆ ಕೇಳದೆ ಒಪ್ಪಬೇಡಿ. ಸಂತೆಯಲ್ಲಿ ಹಸು ಮಾರುವಾಗ ಮೊದಲು ಟವಲ್ ಕೆಳಗೆ ಕೈ ಹಿಡಿದವರಿಗೇ ಹಗ್ಗ ಕೊಟ್ಟುಬಿಡುತ್ತೇವೆಯೇ?

ನಾಲ್ಕನೆಯದು ಆ ಜಮೀನು ನಿಮ್ಮ ಕೊಟ್ಟಿಗೆಗೆ ಏನು ಕೊಡುತ್ತಿದೆ ಎಂಬ ಲೆಕ್ಕ. ಇದನ್ನು ಯಾವ ಕಚೇರಿಯೂ ಹೇಳುವುದಿಲ್ಲ. ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿಲೋ ಹಸಿ ಮೇವು ಎಂದು ಹಿಡಿದರೆ ನಾಲ್ಕು ಹಸುವಿಗೆ ದಿನಕ್ಕೆ 100 ಕಿಲೋ, ವರ್ಷಕ್ಕೆ 36,500 ಕಿಲೋ. ಕಿಲೋಗೆ ₹3 ಎಂದು ಇಟ್ಟುಕೊಂಡರೂ ವರ್ಷಕ್ಕೆ ₹1,09,500. ಹೊಲದ ರಾಗಿ ಹುಲ್ಲು, ಜೋಳದ ಕಡ್ಡಿ, ಬದುವಿನ ಹುಲ್ಲು, ದನ ಬಿಟ್ಟು ಮೇಯಿಸುವ ಜಾಗ ಈ ಲೆಕ್ಕದಲ್ಲಿ ಬಂದಿಲ್ಲ. ಜಮೀನು ಹೋದ ಮೇಲೆ ಹುಲ್ಲು ಕೊಂಡು ಹಸು ಸಾಕಿ ಉಳಿಯುತ್ತದೆಯೇ, ಇಲ್ಲ ಹಸುವನ್ನೂ ಮಾರಬೇಕಾಗುತ್ತದೆಯೇ ಎಂದು ಮೊದಲೇ ಕೂತು ಲೆಕ್ಕ ಹಾಕಿ. ಪಹಣಿ ಹೋದರೆ ಸಹಕಾರ ಸಂಘದ ಬೆಳೆ ಸಾಲ, ವರ್ಷಕ್ಕೆ ₹6,000 ಬರುವ ಪಿ.ಎಂ. ಕಿಸಾನ್ ಹಣಕ್ಕೂ ಧಕ್ಕೆ ಬರುತ್ತದೆ.

ಅಗ್ರಿಮೆಂಟ್ ಬರೀ ಕಾಗದವಲ್ಲ

"ಇದು ರಿಜಿಸ್ಟರ್ ಅಲ್ಲಕ್ಕ, ಸುಮ್ನೆ ನೋಟರಿ ಕಾಗದ, ಒಂದು ಸಹಿ ಹಾಕಿ ಸಾಕು." ಅತಿ ಹೆಚ್ಚು ಮನೆಗಳನ್ನು ಕೋರ್ಟಿಗೆ ಹತ್ತಿಸುವ ಮಾತು ಇದೇ ಇರಬೇಕು.

ಅಗ್ರಿಮೆಂಟಿನಿಂದ ಜಮೀನಿನ ಒಡೆತನ ಹೋಗುವುದಿಲ್ಲ, ನಿಜ. ಒಡೆತನ ಹೋಗುವುದು ನೋಂದಣಿಯಾದ ಕ್ರಯಪತ್ರದಿಂದಲೇ. ಆದರೆ ಅಗ್ರಿಮೆಂಟಿಗೆ ಸಹಿ ಹಾಕಿ ಆಮೇಲೆ ಬೇಡವೆಂದರೆ, ಕೊಳ್ಳುವವರು ಮೂರು ವರ್ಷದೊಳಗೆ ಕೋರ್ಟಿಗೆ ಹೋಗಿ ಮಾತಿನಂತೆ ಕ್ರಯ ಮಾಡಿಕೊಡಿಸಿ ಎಂದು ಕೇಳಬಹುದು. ಆ ಕಾಗದ ನೋಂದಣಿ ಆಗಿರದಿದ್ದರೂ ಕೇಳಬಹುದು. 2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಇಂಥ ದಾವೆಗಳಲ್ಲಿ ಕರಾರು ಜಾರಿಗೆ ಕಾನೂನಿನ ಬಲ ಇನ್ನೂ ಹೆಚ್ಚಿದೆ. ದಾವೆ ಮುಗಿಯುವವರೆಗೆ ಆ ಜಮೀನನ್ನು ಬೇರೆಯವರಿಗೆ ಮಾರಲೂ ಕಷ್ಟ, ಸಾಲ ಪಡೆಯಲೂ ಕಷ್ಟ. ಒಂದು ಲಕ್ಷ ಮುಂಗಡಕ್ಕೆ ಜಮೀನು ವರ್ಷಗಟ್ಟಲೆ ಕಟ್ಟಿಬೀಳುತ್ತದೆ.

ಅಗ್ರಿಮೆಂಟನ್ನು ನಿಮ್ಮ ಕಡೆಯ, ಕನ್ನಡ ಚೆನ್ನಾಗಿ ಓದಬಲ್ಲ ಒಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಈ ಅಂಶಗಳನ್ನು ಹುಡುಕಿ:

1. "ತಾವು ಅಥವಾ ತಾವು ಸೂಚಿಸಿದವರ ಹೆಸರಿಗೆ ಕ್ರಯ ಮಾಡಿಕೊಡತಕ್ಕದ್ದು" ಎಂಬ ಸಾಲು ಇದೆಯೇ? ಇದ್ದರೆ ಎದುರಿಗೆ ಕೂತವರು ಕೊಳ್ಳುವವರಲ್ಲ, ಕೈ ಬದಲಾಯಿಸುವವರು ಎಂದು ತಿಳಿಯಿರಿ. ಆ ಸಾಲು ತೆಗೆಸಿ, "ಮಾರುವವರ ಲಿಖಿತ ಒಪ್ಪಿಗೆಯಿಲ್ಲದೆ ಈ ಕರಾರನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ" ಎಂದು ಬರೆಸಿ. ಒಪ್ಪದಿದ್ದರೆ ಬೆಲೆಯನ್ನು ಹೊಸದಾಗಿ ಮಾತಾಡಿ.

2. ಅವಧಿ ಎಷ್ಟು? ಆರು ತಿಂಗಳು, ಹನ್ನೊಂದು ತಿಂಗಳು ಎಂದು ಬರೆಯುವುದು ಇನ್ನೊಬ್ಬ ಗಿರಾಕಿ ಹುಡುಕಲು. ನಿಜವಾಗಿ ಕೊಳ್ಳುವವರಿಗೆ ಎರಡು ಮೂರು ತಿಂಗಳು ಸಾಕು. ಕೊನೆಯ ತಾರೀಖು, ಅದು ಮೀರಿದರೆ ಕರಾರು ರದ್ದಾಗುವ ಬಗೆ, ಮುಂಗಡ ಏನಾಗುತ್ತದೆ ಎಂಬುದು ಸ್ಪಷ್ಟವಾಗಿರಲಿ.

3. ಮುಂಗಡ ಎಷ್ಟು? ಇಡೀ ಬೆಲೆಯ ಚೂರು ಭಾಗ ಕೊಟ್ಟವರಿಗೆ ಬಿಟ್ಟು ಹೋದರೂ ನಷ್ಟವಿಲ್ಲ. ಮುಂಗಡ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಬರಲಿ. ಜಮೀನು ವ್ಯವಹಾರದಲ್ಲಿ ₹20,000 ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ.

4. ಸ್ವಾಧೀನ ಯಾವಾಗ? ಪೂರ್ತಿ ಹಣ ಬಂದು ಕ್ರಯಪತ್ರ ನೋಂದಣಿಯಾಗುವ ದಿನವೇ ಸ್ವಾಧೀನ ಬಿಡಿ. ಅದಕ್ಕೆ ಮುಂಚೆ ಬೇಲಿ ಹಾಕಲು, ಮಣ್ಣು ತೋಡಲು, ಕಲ್ಲು ನೆಡಲು ಬಿಡಬೇಡಿ.

5. ತೆಂಗಿನ ಮರ, ಕೊಳವೆಬಾವಿ, ಪಂಪ್‌ಸೆಟ್, ನಿಂತ ಬೆಳೆ ಬೆಲೆಯಲ್ಲಿ ಸೇರಿದೆಯೇ? ಉಳಿಯುವ ನಿಮ್ಮ ಜಮೀನಿಗೆ ದನ ಹೊಡೆದುಕೊಂಡು ಹೋಗುವ ದಾರಿ ಬರೆದಿದೆಯೇ?

6. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಆಗಬೇಕು. ಅಳತೆ ಮಾಡಿಸದೆ ಒಟ್ಟು ಮೊತ್ತ ಒಪ್ಪಬೇಡಿ, ಗುಂಟೆಗೆ ಇಷ್ಟು ಎಂದು ಬರೆಸಿ.

ಖಾಲಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಮೂಲ ದಾಖಲೆ ಕೊಡಬೇಡಿ, ಜೆರಾಕ್ಸ್ ಸಾಕು. ಬರೆದ ಅಗ್ರಿಮೆಂಟಿನ ಒಂದು ಪ್ರತಿ ಅಂದೇ ನಿಮ್ಮ ಕೈಯಲ್ಲಿರಲಿ.

ಜಿ.ಪಿ.ಎ. ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಓಡಾಟ ನಿಮಗ್ಯಾಕೆ, ಒಂದು ಜಿ.ಪಿ.ಎ. ಕೊಡಿ, ಎಲ್ಲಾ ನಾವೇ ನೋಡ್ಕೋತೀವಿ" ಎನ್ನುವವರಿಗೆ ನಿಮ್ಮ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರವೇ ಹೋಗುತ್ತದೆ. ಜಿ.ಪಿ.ಎ. ಮೂಲಕ ಮಾರಿದ್ದೇ ಮಾರಾಟ ಎನಿಸುವುದಿಲ್ಲ, ನೋಂದಣಿಯಾದ ಕ್ರಯಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಜಿ.ಪಿ.ಎ. ಹಿಡಿದವರು ನಿಮ್ಮ ಪರವಾಗಿ ಕ್ರಯಪತ್ರಕ್ಕೇ ಸಹಿ ಹಾಕಬಲ್ಲರು ಎಂಬುದನ್ನು ಮರೆಯಬೇಡಿ.

ಕ್ರಯದ ದಿನ ಪತ್ರದಲ್ಲಿ ಬರೆದ ಮೊತ್ತ ಮತ್ತು ನಿಮಗೆ ಬಂದ ಮೊತ್ತ ಒಂದೇ ಇರಬೇಕು. ನಿಮಗೆ ಇಪ್ಪತ್ತೈದು ಕೊಟ್ಟು ಪತ್ರದಲ್ಲಿ ನಲವತ್ತು ಬರೆದರೆ, ಕಾನೂನಿನ ಕಣ್ಣಿಗೆ ನಲವತ್ತು ಪಡೆದವರು ನೀವೇ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಹತ್ತು ಸಾವಿರಕ್ಕಿಂತ ಹೆಚ್ಚು, ಒಂದು ಲಕ್ಷದವರೆಗೆ ಜನಸಂಖ್ಯೆ ಇರುವ ಪುರಸಭೆ, ನಗರಸಭೆಯ ಗಡಿಯಿಂದ 2 ಕಿಲೋಮೀಟರ್ ಒಳಗಿನ ಜಮೀನಿಗೆ ಈ ವಿನಾಯಿತಿ ಸಿಗುವುದಿಲ್ಲ. ಅರಸೀಕೆರೆ ಪಟ್ಟಣ ಈ ವರ್ಗಕ್ಕೇ ಸೇರುತ್ತದೆ. ಮಾಲೇಕಲ್ಲಿನಂತೆ ಪಟ್ಟಣಕ್ಕೆ ಅಂಟಿಕೊಂಡ ಕಡೆಯವರು ಬೆಲೆ ಮಾತಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳುವುದು ಕ್ಷೇಮ.

"ನಿಮ್ದೊಂದು ಸಹಿ ಸಾಕು" ಎಂದಾಗ

ಮನೆಯ ಗಂಡಸರು ಮಾತು ಮುಗಿಸಿ ಬಂದಮೇಲೆ ಹೆಂಗಸರ ಬಳಿ ಬರುವುದು ಸಹಿಗೆ. ಆ ಸಹಿ ಯಾಕೆ ಬೇಕು ಎಂದು ಕೇಳಿ. ಬೇಕಾಗಿದೆ ಎಂದರೆ ಅದರಲ್ಲಿ ನಿಮ್ಮ ಹಕ್ಕು ಇದೆ ಎಂದೇ ಅರ್ಥ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಜಾರಿಗೆ ಬಂತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಇದೆ. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಮದುವೆಯಾದರೂ ಹಕ್ಕು ಹೋಗುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ವಿಭಾಗವಾದ ಅಥವಾ ಮಾರಾಟವಾದ ಆಸ್ತಿಗೆ ಮಾತ್ರ ಇದು ಅನ್ವಯಿಸದು. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವರ ಪಾಲಿಗೆ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಸಮಾನ ವಾರಸುದಾರರು. ಬೇರೆ ಧರ್ಮದವರಿಗೆ ಅವರವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ.

ಆದ್ದರಿಂದ ಅಗ್ರಿಮೆಂಟು, ಕ್ರಯಪತ್ರ, ಹಕ್ಕು ಬಿಡುಗಡೆ ಪತ್ರ ಈ ಮೂರರಲ್ಲಿ ಯಾವುದಕ್ಕೆ ಸಹಿ ಕೇಳುತ್ತಿದ್ದಾರೆ ಎಂದು ತಿಳಿಯಿರಿ. ಹಕ್ಕು ಬಿಡುಗಡೆ ಪತ್ರವೆಂದರೆ ನಿಮ್ಮ ಪಾಲು ಬಿಟ್ಟುಕೊಟ್ಟಂತೆ. ತವರಿನ ಪ್ರೀತಿಗೆ ಬಿಟ್ಟುಕೊಡುವುದು ನಿಮ್ಮ ಇಷ್ಟ. ಗೊತ್ತಿಲ್ಲದೆ ಬಿಟ್ಟುಕೊಡುವುದು ಬೇಡ. ಮಾರುವುದೇ ಆದರೆ ನಿಮ್ಮ ಪಾಲಿನ ಹಣ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಹಾಲಿನ ಬಟವಾಡೆ ಬರುವ ಖಾತೆಯೇ ಸಾಕು. ಅಪ್ರಾಪ್ತ ಮಕ್ಕಳ ಹೆಸರಿನ ಆಸ್ತಿಯಿದ್ದರೆ ಮಾರಲು ನ್ಯಾಯಾಲಯದ ಅನುಮತಿ ಬೇಕಾಗುತ್ತದೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತೆಯೂ ಇಲ್ಲ. ಅದು 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಹಾಗೆ ಕೈತಪ್ಪಿದ ಜಮೀನು ವಾಪಸು ಕೇಳಲು ಕಾಲಮಿತಿ ಅಡ್ಡ ಬರಬಾರದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ.

ನೇರ ಮಾತು ನಮಗೂ ಬರುತ್ತದೆ

ಮಾಲೀಕರನ್ನು ನೇರವಾಗಿ ಹುಡುಕುವ ದಾರಿ ವ್ಯಾಪಾರಿಗಳಿಗೆ ಮಾತ್ರ ಇರುವುದಲ್ಲ. ಮೇವಿಗೆ ಜಮೀನು ಬೇಕಾದ ನಿಮಗೂ ಇದೆ. ನಿಮ್ಮ ಹೊಲಕ್ಕೆ ಅಂಟಿದ ಹತ್ತು ಗುಂಟೆ ಬೀಳು ಬಿದ್ದಿದೆಯೇ? ಪಹಣಿ ನೋಡಿ ಮಾಲೀಕರು ಯಾರೆಂದು ತಿಳಿದು, ಹಬ್ಬಕ್ಕೋ ಮಾಲೇಕಲ್ಲು ಜಾತ್ರೆಗೋ ಅವರು ಊರಿಗೆ ಬಂದಾಗ ಮಾತಾಡಿ. ದೂರದಲ್ಲಿರುವ ಮಾಲೀಕರಿಗೆ ಗುರುತಿಲ್ಲದ ವ್ಯಾಪಾರಿಗಿಂತ ಪಕ್ಕದ ಹೊಲದವರಿಗೆ ಕೊಡುವುದೇ ನೆಮ್ಮದಿ. ಇಬ್ಬರಿಗೂ ದಲ್ಲಾಳಿ ಹಣ ಉಳಿಯುತ್ತದೆ. ಅವರಿಗೆ ನ್ಯಾಯವಾದ ಬೆಲೆ ಹೇಳಿ. ನಮಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬಾರದು. ಕೊಂಡದ್ದನ್ನು ನಿಮ್ಮ ಹೆಸರಿಗೆ ಅಥವಾ ಜಂಟಿ ಹೆಸರಿಗೆ ನೋಂದಣಿ ಮಾಡಿಸಿ.

ಕೊಳ್ಳಲು ಆಗದಿದ್ದರೆ ಹೊಲದಲ್ಲಿ ನಿಂತ ಮೇವಿನ ಬೆಳೆಯನ್ನೇ ಖರೀದಿಸಿ. ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡಲು ಭೂ ಸುಧಾರಣಾ ಕಾಯ್ದೆಯ ನಿರ್ಬಂಧವಿದೆ. ಹಾಗಾಗಿ ಬಾಯಿಮಾತಿನ ಗುತ್ತಿಗೆಯನ್ನು ನಂಬಿ ಬೇಲಿಗೆ, ಕೊಳವೆಬಾವಿಗೆ ಹಣ ಸುರಿಯಬೇಡಿ.

ಪರಿಶಿಷ್ಟ ಜಾತಿ, ಪಂಗಡದ ಭೂರಹಿತ ಮಹಿಳಾ ಕೃಷಿ ಕಾರ್ಮಿಕರಿಗೆ ಭೂ ಒಡೆತನ ಯೋಜನೆ ಇದೆ. ಮಾರಲು ಸಿದ್ಧರಿರುವ, ಆ ಸಮುದಾಯಗಳಿಗೆ ಸೇರದ ಮಾಲೀಕರಿಂದ ಜಮೀನು ಖರೀದಿಸಿ ಮಹಿಳೆಯ ಹೆಸರಿಗೆ ನೋಂದಾಯಿಸಲಾಗುತ್ತದೆ. ವೆಚ್ಚದಲ್ಲಿ ಅರ್ಧ ಸಹಾಯಧನ, ಅರ್ಧ ಸಾಲ. ವಿವರವನ್ನು ನಿಮ್ಮ ಸಮುದಾಯದ ಅಭಿವೃದ್ಧಿ ನಿಗಮದ ಹಾಸನ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಸಹಾಯ ಎಲ್ಲಿ ಸಿಗುತ್ತದೆ?

ಅಗ್ರಿಮೆಂಟ್ ಓದಿ ಅರ್ಥ ಹೇಳಲು ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಆದಾಯ ಎಷ್ಟಿದೆ ಎಂದು ಕೇಳುವುದಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಬಾಗಿಲಿಗೆ ಬಂದವರಿಗೆ ಹೇಳಬೇಕಾದ್ದು ಇಷ್ಟೇ: "ಬೆಲೆ ಬರೆದುಕೊಟ್ಟು ಹೋಗಿ ಅಣ್ಣ. ಮನೆಯಲ್ಲಿ ಕೂತು ಮಾತಾಡಿ, ಕಾಗದ ತೋರಿಸಿ, ಹದಿನೈದು ದಿನದ ಮೇಲೆ ಹೇಳ್ತೀವಿ." ನಿಜವಾಗಿ ಕೊಳ್ಳಲು ಬಂದವರು ಹದಿನೈದು ದಿನ ಕಾಯುತ್ತಾರೆ. "ಇವತ್ತೇ ಹೇಳಿ, ನಾಳೆ ಈ ಬೆಲೆ ಇರಲ್ಲ" ಎನ್ನುವವರ ಬೆಲೆ ನಾಳೆ ಇಲ್ಲದಿದ್ದರೆ ನಷ್ಟವೇನಿಲ್ಲ.

ಈ ಸಂಚಿಕೆಯನ್ನು ಮುಂದಿನ ತಿಂಗಳ ಸಂಘದ ಸಭೆಗೆ ತನ್ನಿ. ಓದಲು ಬಾರದ ಅಕ್ಕಂದಿರಿಗೆ ಓದಿ ಹೇಳಿ. ನಿಮ್ಮ ಊರಿನಲ್ಲಿ ಇತ್ತೀಚೆಗೆ ಯಾರ ಜಮೀನು ಗುಂಟೆಗೆ ಎಷ್ಟಕ್ಕೆ ಹೋಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಕಾನೂನು ಸೇವಾ ಸಮಿತಿಯ ವಕೀಲರೊಬ್ಬರನ್ನು ಕರೆಸುವಂತೆ ಕಾರ್ಯದರ್ಶಿಯವರನ್ನು ಕೇಳಿ. ಮನೆಮನೆಯಲ್ಲಿ ಬೇರೆ ಬೇರೆಯಾಗಿ ಮಾರುತ್ತಿದ್ದ ಹಾಲನ್ನು ಒಂದೆಡೆ ತಂದು ಅಳೆದದ್ದರಿಂದ ಬೆಲೆ ಬಂತು. ಜಮೀನಿನ ಬೆಲೆಯನ್ನೂ ಒಂದೆಡೆ ಕೂತು ಮಾತಾಡಿದರೆ ಯಾರೊಬ್ಬರೂ ಕತ್ತಲಲ್ಲಿ ಸಹಿ ಹಾಕಬೇಕಾಗುವುದಿಲ್ಲ.